ನಮ್ಮೂರ ಹಳ್ಳದಿಂದ ಕರ್ನಾಟಕದ ನಕ್ಷೆಗೆ: ಧಾರವಾಡ, ಗದಗ, ಹಾವೇರಿಯ ಮಕ್ಕಳಿಗೆ ರಾಜ್ಯದ ಭೂಗೋಳ ಕಲಿಸುವ ಬಗೆ

31 ಜಿಲ್ಲೆಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ಮಕ್ಕಳು ನಮ್ಮ ಕಡೆ ಬೇಕಾದಷ್ಟು ಸಿಗುತ್ತಾರೆ. ಅದೇ ಮಕ್ಕಳಿಗೆ, ನಿಮ್ಮ ಶಾಲೆಯ ಹಿಂದಿನ ಹಳ್ಳದ ನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ ಅಂತ ಕೇಳಿ ನೋಡಿ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯಲ್ಲಾಪುರದಲ್ಲಿ ಮಳೆ ಜಾಸ್ತಿ, ಗದಗದಲ್ಲಿ ಕಡಿಮೆ ಅನ್ನುವುದು ಅವರಿಗೆ ಗೊತ್ತು. ಯಾಕೆ ಅಂದರೆ ಪುಸ್ತಕದ ಒಂದು ಸಾಲು ಒಪ್ಪಿಸುತ್ತಾರೆ, ಅಷ್ಟೇ.

ಈ ಲೇಖನ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕರಿಗೆ, ಮನೆಯಲ್ಲಿ ಮಕ್ಕಳನ್ನು ಓದಿಸುವ ತಂದೆ ತಾಯಿಗೆ, ಧಾರವಾಡದಲ್ಲಿ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ. ನಾನು ಹೇಳುವ ದಾರಿ ಇಷ್ಟು: ಊರಿನ ನೀರು, ಮಣ್ಣು, ಮಳೆಯಿಂದ ಶುರು ಮಾಡಿ. ನಕ್ಷೆಯನ್ನು ಮಕ್ಕಳ ಕೈಯಿಂದಲೇ ಬರೆಸಿ. ಜಿಲ್ಲೆಗಳ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಪುಸ್ತಕದಲ್ಲಿ ಸ್ಥಾನ, ವಿಸ್ತೀರ್ಣ, ಜಿಲ್ಲೆ ಮೊದಲು ಬರುತ್ತವೆ. ಬರಲಿ. ಪಾಠದ ಕ್ರಮ ಪುಸ್ತಕದ ಕ್ರಮವೇ ಆಗಬೇಕೆಂದೇನೂ ಇಲ್ಲ.

ಈ ಕೆಲಸಕ್ಕೆ ನಮ್ಮ ಸೀಮೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಬಸ್ಸು ಹತ್ತಿದರೆ ಮಲೆನಾಡು, ಪೂರ್ವಕ್ಕೆ ಹತ್ತಿದರೆ ಬಯಲುಸೀಮೆ. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಬುತ್ತಿ ಬಿಚ್ಚುವ ಹೊತ್ತಿಗೆ ಸಮುದ್ರ.

ಬೇಕಾಗುವ ಸಾಮಾನು

ಖರ್ಚು ಜಾಸ್ತಿ ಇಲ್ಲ. ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲು, ಸೀಮೆಸುಣ್ಣ, ಎರಿ (ಕಪ್ಪು) ಮಣ್ಣು ಮತ್ತು ಮಸಾರಿ (ಕೆಂಪು) ಮಣ್ಣು ಒಂದೊಂದು ಬುಟ್ಟಿ, ಅಂಗಳಕ್ಕೆ ರಂಗೋಲಿ ಪುಡಿ. ಫೋನ್ ಇದ್ದರೆ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಹೊಲದ ಸರ್ವೆ ನಂಬರ್ ನೋಡಲು ರೈತರು ಬಳಸುವ ಆ್ಯಪ್ ಅದು. ಊರಿನ ಗಡಿ, ಕೆರೆ, ಹಳ್ಳ ಅದರಲ್ಲಿ ಕಾಣುತ್ತವೆ. ಗೂಗಲ್ ಅರ್ಥ್ ಇದ್ದರೆ ಯಾವ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನುವುದೂ ಸಿಗುತ್ತದೆ. ಫೋನ್ ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ.

ಮೊದಲ ಹೆಜ್ಜೆ: ಹಳ್ಳದ ಬೆನ್ನು ಹತ್ತಿ

ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೇಲೆ ಮೊದಲ ಜೋರು ಮಳೆ ಬಿದ್ದ ದಿನ ಮಕ್ಕಳನ್ನು ಗೇಟಿನ ಹತ್ತಿರ ನಿಲ್ಲಿಸಿ. ನೀರು ಯಾವ ಕಡೆ ಓಡುತ್ತಿದೆ ನೋಡಲು ಹೇಳಿ. ಗಟಾರದಿಂದ ಯಾವ ಹಳ್ಳಕ್ಕೆ, ಆ ಹಳ್ಳದಿಂದ ಎಲ್ಲಿಗೆ? ಮರುದಿನ ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬರಲಿ. ಹೊಲ ಇರುವ ಮನೆಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. "ಅಕ್ಕೋರ, ನಮ್ಮ ಮುತ್ಯಾ ಹೇಳ್ಯಾನ್ರಿ, ನಮ್ಮ ಹಳ್ಳ ಬೆಣ್ಣಿಹಳ್ಳಕ್ಕ ಕೂಡತೈತಿ ಅಂತ" ಅಂತ ಒಂದು ಮಗು ಬಂದು ಹೇಳಿದರೆ ಪಾಠ ಅರ್ಧ ಮುಗಿದಂತೆ.

ಇನ್ನು ಮುಂದಿನ ದಾರಿ ನೀವು ಹೇಳಿಕೊಡಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲಾ ಹುಟ್ಟುತ್ತದೆ. ಹುಬ್ಬಳ್ಳಿ ಕಡೆಯಿಂದ ಬರುವ ಇನ್ನೊಂದು ಹಳ್ಳದ ಜೊತೆ ಕಲಘಟಗಿ ಹತ್ತಿರ ಸೇರಿ ಬೇಡ್ತಿಯಾಗುತ್ತದೆ. ಯಲ್ಲಾಪುರದ ಕಾಡಿನಲ್ಲಿ ಮಾಗೋಡು ಜಲಪಾತವಾಗಿ ಧುಮುಕಿ, ಕೆಳಗೆ ಗಂಗಾವಳಿ ಅಂತ ಕರೆಸಿಕೊಂಡು ಅರಬ್ಬಿ ಸಮುದ್ರ ಸೇರುತ್ತದೆ. ಇಡೀ ಪಯಣ ಸುಮಾರು 160 ಕಿಲೋಮೀಟರ್.

ಈಗ ಪೂರ್ವದ ಕಡೆ. ಶಿಗ್ಗಾಂವಿ ತಾಲ್ಲೂಕಿನಲ್ಲಿ ಹುಟ್ಟುವ ಬೆಣ್ಣಿಹಳ್ಳ ಕುಂದಗೋಳ, ನವಲಗುಂದ ಸೀಮೆಯ ಎರಿ ಹೊಲಗಳ ನಡುವೆ ಉತ್ತರಕ್ಕೆ ಹೋಗುತ್ತದೆ. ದಾರಿಯಲ್ಲಿ ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಕೃಷ್ಣೆ ರಾಯಚೂರು ದಾಟಿ, ತೆಲಂಗಾಣ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ.

ಅಂದರೆ ಹುಬ್ಬಳ್ಳಿ-ಧಾರವಾಡದ ಒಂದು ಬದಿ ಬಿದ್ದ ಮಳೆ ಹತ್ತಿರದ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಯದು ಭಾರತದ ಆ ತುದಿಯವರೆಗೆ ನಡೆಯುತ್ತದೆ. ಹೆಂಚಿನ ಮನೆಯ ಚಾವಣಿಯ ನೆತ್ತಿಯ ಮೇಲೆ ಬಿದ್ದ ನೀರು ಎರಡು ಕಡೆ ಇಳಿಯುವ ಹಾಗೆ. ಆ ನೆತ್ತಿಯ ಮೇಲೆ ನಮ್ಮ ಅವಳಿ ನಗರ ಕೂತಿದೆ. ಪುಸ್ತಕದಲ್ಲಿ ಜಲವಿಭಾಜಕ ಅಂತ ಬರುವ ಪದವನ್ನು ಇದಾದ ಮೇಲೆ ಹೇಳಿ. ಮತ್ತೆ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಹಾವೇರಿಯ ಮಕ್ಕಳಿಗೆ ವರದಾ ನದಿ ಹಿಡಿಯಿರಿ. ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯ ಪಕ್ಕ ಹಾದು, ಹಾನಗಲ್ ಸೀಮೆಗೆ ಬಂದು, ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಗಳಗನಾಥದ ಸಂಗಮಕ್ಕೆ ಒಮ್ಮೆ ಕರೆದುಕೊಂಡು ಹೋದರೆ ಉಪನದಿ ಅನ್ನುವುದರ ಅರ್ಥ ಕಣ್ಣಿಗೇ ಸಿಗುತ್ತದೆ. ಗದಗದವರಿಗೆ ಎರಡು ನದಿ: ಉತ್ತರಕ್ಕೆ ಮಲಪ್ರಭೆ, ದಕ್ಷಿಣದ ಗಡಿಗೆ ತುಂಗಭದ್ರೆ. ಎರಡೂ ಕೊನೆಗೆ ಕೃಷ್ಣೆಯ ಮಡಿಲಿಗೇ.

ನಲ್ಲಿ ನೀರಿನ ಪ್ರಶ್ನೆಯನ್ನೂ ಇಲ್ಲೇ ಕೇಳಿ. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುವ ನೀರು ಬಹುಪಾಲು ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಜಲಾಶಯದ್ದು. ಕಲಘಟಗಿ ತಾಲ್ಲೂಕಿನ ನೀರಸಾಗರದಿಂದಲೂ ಹುಬ್ಬಳ್ಳಿಗೆ ನೀರು ಬರುತ್ತಿತ್ತು ಅನ್ನುವುದು ಹಿರಿಯರ ನೆನಪಲ್ಲಿದೆ. ನವಲಗುಂದ, ನರಗುಂದದ ಮಕ್ಕಳು ಮನೆಯಲ್ಲಿ ಕಳಸಾ-ಬಂಡೂರಿ ಯೋಜನೆಯ ಮಾತು ಕೇಳಿಯೇ ಬೆಳೆದಿರುತ್ತಾರೆ. ಮಲಪ್ರಭೆ ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನದು. ಮಹದಾಯಿ ಹುಟ್ಟುವುದೂ ಅದೇ ತಾಲ್ಲೂಕಿನ ಕಾಡಿನಲ್ಲಿ. ಒಂದು ಪೂರ್ವಕ್ಕೆ ಹರಿದು ನಮ್ಮ ಕಡೆ ಬರುತ್ತದೆ, ಇನ್ನೊಂದು ಪಶ್ಚಿಮಕ್ಕೆ ಹರಿದು ಗೋವಾಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿಯುವ ನೀರಿನಲ್ಲಿ ಸ್ವಲ್ಪವನ್ನು ಮಲಪ್ರಭೆಗೆ ತಿರುಗಿಸುವುದೇ ಆ ಯೋಜನೆ. ನಕ್ಷೆಯ ಮೇಲೆ ಎರಡೂ ನದಿಗಳ ಹುಟ್ಟಿನ ಜಾಗ ತೋರಿಸಿ. ಮನೆಯಲ್ಲಿ ಕೇಳಿದ ಮಾತಿಗೆ ಮಕ್ಕಳು ತಾವೇ ಅರ್ಥ ಹಚ್ಚಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಬೆಣ್ಣಿಹಳ್ಳದ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ನಮ್ಮಲ್ಲಿ ಮಳೆ ಇಲ್ಲದಿದ್ದರೂ ಮೇಲಿನ ಊರುಗಳಲ್ಲಿ ಬಿದ್ದರೆ ಅದು ಏಕಾಏಕಿ ಏರುತ್ತದೆ. ಡಿಸೆಂಬರ್ ನಂತರ ಹೋಗಿ.

ಎರಡನೆಯ ಹೆಜ್ಜೆ: ಮಣ್ಣು ಮುಟ್ಟಿಸಿ

ಇದಕ್ಕೆ ಮಣ್ಣೆತ್ತಿನ ಅಮಾವಾಸ್ಯೆಗಿಂತ ಒಳ್ಳೆಯ ಮುಹೂರ್ತ ಇಲ್ಲ. ಆ ದಿನ ಹೇಗೂ ಮಕ್ಕಳ ಕೈಯಲ್ಲಿ ಎರಿ ಮಣ್ಣು ಇರುತ್ತದೆ. ಎತ್ತು ಮಾಡಿ ಉಳಿದ ಮಣ್ಣನ್ನು ಶಾಲೆಗೆ ತರಲು ಹೇಳಿ. ಮಸಾರಿ ಮಣ್ಣನ್ನೂ ಒಂದಿಷ್ಟು ತರಿಸಿ.

ಎರಡನ್ನೂ ಬೇರೆ ಬೇರೆ ನೀರು ಹಾಕಿ ಕಲಸಿ. ಅಂಗೈಯಲ್ಲಿ ಉಜ್ಜಿ ಬತ್ತಿ ಮಾಡಲು ಹೇಳಿ. ಎರಿ ಮಣ್ಣು ಪೆನ್ಸಿಲ್‌ಗಿಂತ ತೆಳ್ಳಗೆ ಎಳೆದರೂ ಮುರಿಯುವುದಿಲ್ಲ. ಬಾಗಿಸಿದರೆ ಬಳೆಯಾಗುತ್ತದೆ. ಮಸಾರಿ ಮಣ್ಣು ಅರ್ಧಕ್ಕೇ ಪುಡಿಪುಡಿ. ಆಮೇಲೆ ಎರಡನ್ನೂ ತಟ್ಟೆಯ ಮೇಲೆ ಹರಡಿ ಬಿಸಿಲಿಗಿಡಿ. ಒಣಗಿದಾಗ ಎರಿ ಮಣ್ಣು ಬಿರುಕು ಬಿಟ್ಟು ತಟ್ಟೆಯ ಅಂಚಿನಿಂದ ಒಳಕ್ಕೆ ಸರಿದಿರುತ್ತದೆ. ಮಸಾರಿ ಇದ್ದಲ್ಲೇ ಇರುತ್ತದೆ. ಬಿರುಕನ್ನು ಮಕ್ಕಳು ಸ್ಕೇಲಿನಿಂದ ಅಳೆಯಲಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.

ಈಗ ಪ್ರಶ್ನೆ ಕೇಳಿ. ನವಲಗುಂದ, ರೋಣದ ಕಡೆ ಬಿಳಿಜೋಳ, ಕಡಲೆ, ಕುಸುಬಿಯನ್ನು ಮಳೆಗಾಲ ಮುಗಿಯುವ ಹೊತ್ತಿಗೆ ಯಾಕೆ ಬಿತ್ತುತ್ತಾರೆ? ಬೆಳೆ ಬೆಳೆಯುವ ಚಳಿಗಾಲದಲ್ಲಿ ಮಳೆಯೇ ಇಲ್ಲವಲ್ಲ? ಉತ್ತರ ಅವರ ಅಂಗೈಯಲ್ಲಿದೆ. ಎರಿ ಮಣ್ಣು ನೀರನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬೆಳೆ ಆ ತೇವದ ಮೇಲೇ ಬರುತ್ತದೆ. ಮಸಾರಿಯಲ್ಲಿ ನೀರು ಬೇಗ ಇಳಿದು ಹೋಗುತ್ತದೆ. ಅಲ್ಲಿ ಮುಂಗಾರಿಗೇ ಶೇಂಗಾ ಹಾಕುತ್ತಾರೆ. ಮಣ್ಣು ಸಡಿಲ ಇರುವುದರಿಂದ ಕಾಯಿ ಕೀಳುವುದೂ ಸುಲಭ.

ಇಲ್ಲಿಂದ ಹತ್ತಿಗೆ ಬನ್ನಿ. ಎರಿ ಹೊಲ ಇದ್ದಲ್ಲಿ ಹತ್ತಿ, ಹತ್ತಿ ಇದ್ದಲ್ಲಿ ಜಿನ್ನಿಂಗ್ ಮಿಲ್ಲು, ಅರಳೆ ಪೇಟೆ, ಅದನ್ನು ಸಾಗಿಸಲು ರೈಲು. ಹುಬ್ಬಳ್ಳಿ, ಗದಗ ಬೆಳೆದ ಬಗೆಯಲ್ಲಿ ಇದರ ಪಾಲು ದೊಡ್ಡದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಸುತ್ತದೆ ಅನ್ನುವುದನ್ನು ಮಕ್ಕಳು ಸಾಮಾನ್ಯ ಜ್ಞಾನದ ಪ್ರಶ್ನೆಯಾಗಿ ಓದಿರುತ್ತಾರೆ. ಅದನ್ನು ಮಣ್ಣಿನ ಪಾಠದ ಕೊನೆಗೆ ತಂದು ನಿಲ್ಲಿಸಿ.

ಮನೆಗಳನ್ನೂ ಗಮನಿಸಲು ಹೇಳಿ. ಕಲಘಟಗಿ ಕಡೆಯ ಹಳೆಯ ಮನೆಗಳಿಗೆ ಇಳಿಜಾರಿನ ಹೆಂಚು. ನವಲಗುಂದ, ಗದಗದ ಹಳೆಯ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ಮಳೆ ಎಲ್ಲಿ ಎಷ್ಟು ಅಂತ ಮನೆಯೇ ಹೇಳುತ್ತದೆ.

ಮಣ್ಣಿನ ಕೆಳಗಿನ ಕಲ್ಲಿಗೆ ಬಂದರೆ ನಮ್ಮೂರ ಹೆಸರು ದೇಶದ ಭೂವಿಜ್ಞಾನದಲ್ಲೇ ಸೇರಿಕೊಂಡಿದೆ. 250 ಕೋಟಿ ವರ್ಷಕ್ಕೂ ಹಳೆಯ ಈ ಶಿಲೆಗಳಿಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ಧಾರವಾಡದ ಹೆಸರನ್ನೇ ಇಟ್ಟರು. ಸಂಡೂರಿನ ಕಬ್ಬಿಣದ ಅದಿರು, ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನ, ಕೋಲಾರದ ಚಿನ್ನ ಎಲ್ಲವೂ ಈ ಗುಂಪಿನ ಶಿಲೆಗಳಲ್ಲೇ ಸಿಕ್ಕವು. ಗದಗದ ಕಪ್ಪತಗುಡ್ಡವೂ ಈ ಬಳಗದ್ದೇ. ವಿಜಯಪುರ, ಬೀದರ್ ಕಡೆಗೆ ಹೋದರೆ ಕಲ್ಲು ಬೇರೆ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಇಷ್ಟು ಸಾಕು, ಹೈಸ್ಕೂಲಿಗೆ ಇದಕ್ಕಿಂತ ಆಳಕ್ಕೆ ಹೋಗುವುದು ಬೇಡ.

ಮೂರನೆಯ ಹೆಜ್ಜೆ: ಅಂಕೋಲಾದಿಂದ ಗದಗದವರೆಗೆ ಒಂದು ಗೆರೆ

ಇಡೀ ಮಾರ್ಗದಲ್ಲಿ ನನಗೆ ಅತ್ಯಂತ ಇಷ್ಟವಾದ ಪಾಠ ಇದು. ಗ್ರಾಫ್ ಹಾಳೆ ಅಡ್ಡ ಇಟ್ಟುಕೊಳ್ಳಿ. ಅಂಕೋಲಾದಿಂದ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ ಮೇಲೆ ಗದಗಕ್ಕೆ ರಸ್ತೆ ಲೆಕ್ಕದಲ್ಲಿ ಸುಮಾರು 200 ಕಿಲೋಮೀಟರ್. 10 ಕಿಲೋಮೀಟರ್‌ಗೆ 1 ಸೆಂಟಿಮೀಟರ್ ಇಟ್ಟರೆ ಗೆರೆ 20 ಸೆಂಟಿಮೀಟರ್ ಆಗುತ್ತದೆ. ಎತ್ತರಕ್ಕೆ 100 ಮೀಟರ್‌ಗೆ 1 ಸೆಂಟಿಮೀಟರ್ ಇಡಿ.

ಅಂಕೋಲಾ ಸಮುದ್ರದ ಮಟ್ಟದಲ್ಲಿ. ಅರಬೈಲ್ ಘಟ್ಟದಲ್ಲಿ ರಸ್ತೆ ಸುತ್ತಿ ಸುತ್ತಿ ಏರುತ್ತದೆ, ಗೆರೆಯೂ ಕಡಿದಾಗಿ ಏರಬೇಕು. ಯಲ್ಲಾಪುರ 500 ಮೀಟರ್ ಮೇಲೆ. ಕಲಘಟಗಿ ಹೆಚ್ಚು ಕಡಿಮೆ ಅಷ್ಟೇ. ಹುಬ್ಬಳ್ಳಿ 600 ದಾಟುತ್ತದೆ. ಗದಗವೂ ಅದೇ ಆಸುಪಾಸು. ಚುಕ್ಕೆಗಳನ್ನು ಕೂಡಿಸಿದರೆ ಘಟ್ಟದ ಗೋಡೆ, ಅದರ ಹಿಂದೆ ಹರಡಿದ ಪ್ರಸ್ಥಭೂಮಿ ಹಾಳೆಯ ಮೇಲೆ ಎದ್ದು ನಿಲ್ಲುತ್ತವೆ.

ಈಗ ಅದೇ ಗೆರೆಯ ಮೇಲೆ ಬಣ್ಣದ ಪೆನ್ಸಿಲ್‌ನಿಂದ ಮಳೆಯ ಕಂಬ ನಿಲ್ಲಿಸಿ. ಅಂಕೋಲಾದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರುತ್ತದೆ. ಯಲ್ಲಾಪುರದಲ್ಲಿ 2,000 ದಾಟುತ್ತದೆ. ಹುಬ್ಬಳ್ಳಿಗೆ ಬಂದರೆ 700ರ ಆಸುಪಾಸು, ಗದಗದಲ್ಲಿ 600ರ ಆಸುಪಾಸು. ಮಕ್ಕಳನ್ನು ಸುಮ್ನೆ ನೋಡಲು ಬಿಡಿ, ನೀವೇನೂ ಹೇಳಬೇಡಿ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಯಲ್ಲಾಪುರಕ್ಕಿಂತ ಹುಬ್ಬಳ್ಳಿ ಎತ್ತರ, ಆದರೂ ಮಳೆ ಯಾಕೆ ಕಡಿಮೆ? ಎತ್ತರ ಜಾಸ್ತಿ ಆದಷ್ಟೂ ಮಳೆ ಜಾಸ್ತಿ ಅಂತ ಅಂದುಕೊಂಡವರು ಈ ಪ್ರಶ್ನೆಗೆ ತಡವರಿಸುತ್ತಾರೆ. ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ದಾಟಿ ಬರುವ ಹೊತ್ತಿಗೆ ಅದರಲ್ಲಿ ಉಳಿದಿರುವುದು ಸ್ವಲ್ಪ. ಪುಸ್ತಕದ ಮಳೆನೆರಳಿನ ಪ್ರದೇಶ ಅಂದರೆ ಇದೇ. ಆಗುಂಬೆಯಲ್ಲಿ 7,000 ಮಿಲಿಮೀಟರ್ ಮೀರುವುದಕ್ಕೂ, ಚಳ್ಳಕೆರೆ ಸೀಮೆ ಒಣಗುವುದಕ್ಕೂ ಇದೇ ಕಾರಣ. ಒಂದು ಗೆರೆ ತಿಳಿದವರಿಗೆ ರಾಜ್ಯದ ಉಳಿದ ಭಾಗ ತಾನಾಗಿ ತಿಳಿಯುತ್ತದೆ.

ಗೆರೆಯ ಕೆಳಗೆ ಬೆಳೆಗಳನ್ನೂ ಬರೆಯಿಸಿ. ತೆಂಗು, ಅಡಿಕೆ, ಭತ್ತ, ಹುಬ್ಬಳ್ಳಿ ದಾಟಿದ ಮೇಲೆ ಹತ್ತಿ, ಮೆಣಸಿನಕಾಯಿ, ಜೋಳ. ಊಟ ಕೂಡ ಬದಲಾಗುತ್ತದೆ ಅನ್ನುವುದನ್ನು ಮಕ್ಕಳೇ ಹೇಳುತ್ತಾರೆ. ಅಲ್ಲಿ ಗಂಜಿ, ಇಲ್ಲಿ ರೊಟ್ಟಿ. ಒಂದು ಮಾತು ಮರೆಯದೆ ಹೇಳಿ: ಈ ಚಿತ್ರದಲ್ಲಿ ಎತ್ತರವನ್ನು ಉದ್ದಕ್ಕಿಂತ 100 ಪಟ್ಟು ಹಿಗ್ಗಿಸಿದ್ದೇವೆ. ಇಲ್ಲದಿದ್ದರೆ ಘಟ್ಟ ನಿಜಕ್ಕೂ ಅಷ್ಟು ಕಡಿದು ಅಂತ ತಲೆಯಲ್ಲಿ ಕೂತುಬಿಡುತ್ತದೆ.

ನಾಲ್ಕನೆಯ ಹೆಜ್ಜೆ: ನಕ್ಷೆಯನ್ನು ಕೈಯಲ್ಲಿ ಬರೆಯಿಸಿ

ಅಂಗಡಿಯಲ್ಲಿ ಸಿಗುವ ಔಟ್‌ಲೈನ್ ಮ್ಯಾಪ್ ಪರೀಕ್ಷೆಗೆ ಒಳ್ಳೆಯದು. ಕಲಿಯುವುದಕ್ಕೆ ಖಾಲಿ ಹಾಳೆಯೇ ಸರಿ.

ಕರ್ನಾಟಕ ಸುಮಾರು 11°30' ರಿಂದ 18°30' ಉತ್ತರ ಅಕ್ಷಾಂಶ, 74° ರಿಂದ 78°30' ಪೂರ್ವ ರೇಖಾಂಶದ ನಡುವೆ ಇದೆ. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಿ ಬಿಟ್ಟುಬಿಡುತ್ತೇವೆ, ಅಲ್ವಾ? ಅವುಗಳಿಂದಲೇ ಚೌಕಟ್ಟು ಹಾಕಿಸಿ. ಮೇಲಕ್ಕೆ 7 ಡಿಗ್ರಿ, ಅಡ್ಡಕ್ಕೆ ನಾಲ್ಕೂವರೆ ಡಿಗ್ರಿ. ಡಿಗ್ರಿಗೆ 2 ಸೆಂಟಿಮೀಟರ್ ಇಟ್ಟರೆ 14 ಸೆಂಟಿಮೀಟರ್ ಎತ್ತರ, 9 ಸೆಂಟಿಮೀಟರ್ ಅಗಲದ ಚೌಕಟ್ಟು. ಮೇಲೆ ಕೆಳಗೆ ಒಂದು ಡಿಗ್ರಿ ಅಂದರೆ ಸುಮಾರು 110 ಕಿಲೋಮೀಟರ್.

ಈಗ ಊರುಗಳನ್ನು ಕೂರಿಸಿ. ಮೊದಲು ಧಾರವಾಡ: ಎಡ ಅಂಚಿನಿಂದ 2 ಸೆಂಟಿಮೀಟರ್, ಕೆಳಗಿನಿಂದ ಸುಮಾರು 8. ಮಂಗಳೂರು: ಕೆಳಗಿನಿಂದ 2.7, ಎಡದಿಂದ 1.7. ಬೆಂಗಳೂರು: ಕೆಳಗಿನಿಂದ 2.9, ಎಡದಿಂದ 7.2. ಬೀದರ್: ಕೆಳಗಿನಿಂದ 12.8, ಎಡದಿಂದ 7. ಕಾರವಾರ: ಕೆಳಗಿನಿಂದ 6.6, ಎಡ ಅಂಚಿಗೇ ಅಂಟಿಕೊಂಡು. ಚಾಮರಾಜನಗರ: ಕೆಳಗಿನಿಂದ ಒಂದು ಸೆಂಟಿಮೀಟರ್‌ಗೂ ಕಡಿಮೆ, ಎಡದಿಂದ ಸುಮಾರು 6. ಕೋಲಾರ ಬಲ ಅಂಚಿನ ಹತ್ತಿರ, ಬೆಂಗಳೂರಿಗಿಂತ ಸ್ವಲ್ಪ ಮೇಲೆ.

ಕೂರಿಸಿದ ಮೇಲೆ ಮಕ್ಕಳಿಗೇ ಕೆಲವು ಸಂಗತಿ ಹೊಳೆಯುತ್ತವೆ. ಮಂಗಳೂರು, ಬೆಂಗಳೂರು ಹೆಚ್ಚು ಕಡಿಮೆ ಒಂದೇ ಅಡ್ಡಗೆರೆಯ ಮೇಲಿವೆ. ಬೆಂಗಳೂರಿನಿಂದ ನೇರ ಮೇಲೆ ಹೋದರೆ ಬೀದರ್. ಧಾರವಾಡದಿಂದ ನೇರ ಕೆಳಗೆ ಇಳಿದರೆ ಮಂಗಳೂರಿನ ಹತ್ತಿರ. ಧಾರವಾಡ ಮತ್ತು ಗದಗ ಒಂದೇ ಅಡ್ಡಗೆರೆ, ಕಾರವಾರ ಮತ್ತು ಹಾವೇರಿ ಇನ್ನೊಂದು. ಬೆಂಗಳೂರಿನಿಂದ ಬೀದರ್ 5 ಡಿಗ್ರಿ ದೂರ. ಹಾಗಾದರೆ ನೇರ ಎಷ್ಟು ಕಿಲೋಮೀಟರ್? ಲೆಕ್ಕ ಅವರೇ ಮಾಡಲಿ. ಈ ಜೋಡಿಗಳು ಗಟ್ಟಿಯಾದ ಮೇಲೆ ಗಡಿಯ ಗೆರೆ ಎಳೆಯುವುದು ಸಲೀಸು. ಗೆರೆ ಸೊಟ್ಟ ಬಂದರೂ ಊರು ತಪ್ಪುವುದಿಲ್ಲ. ಚಂದದ ಗೆರೆಗೆ ಅಂಕ ಕೊಟ್ಟು ಜಾಗ ತಪ್ಪಿದ್ದನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ಇದೇ ಚೌಕಟ್ಟನ್ನು ಅಂಗಳಕ್ಕೆ ಇಳಿಸಿ. ಡಿಗ್ರಿಗೆ ಒಂದು ಅಡಿ. 7 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ರಂಗೋಲಿ ಪುಡಿಯಲ್ಲಿ ಗಡಿ ಹಾಕಿಸಿ. ಕರಾವಳಿಯ ಅಂಚಿಗೆ ಹತ್ತಿರವಾಗಿ ಎರಿ ಮಣ್ಣಿನಿಂದ ಘಟ್ಟದ ಸಾಲು ಕಟ್ಟಿಸಿ. ಪಶ್ಚಿಮದ ಬದಿ ಕಡಿದು, ಪೂರ್ವದ ಬದಿ ನಿಧಾನ ಇಳಿಜಾರು. ತಂಬಿಗೆಯಿಂದ ನೆತ್ತಿಯ ಮೇಲೆ ನೀರು ಸಣ್ಣಗೆ ಬಿಡಿ. ಪಶ್ಚಿಮದ ನೀರು ಓಡುತ್ತದೆ, ಪೂರ್ವದ್ದು ತಿರುಗಿ ತಿರುಗಿ ಹೋಗುತ್ತದೆ. ಶರಾವತಿ, ಕಾಳಿಯ ಮೇಲೆ ವಿದ್ಯುತ್ ಕೇಂದ್ರ, ಕೃಷ್ಣಾ, ಕಾವೇರಿ, ತುಂಗಭದ್ರೆಯ ಮೇಲೆ ದೊಡ್ಡ ನೀರಾವರಿ ಕಾಲುವೆ ಜಾಸ್ತಿ ಯಾಕೆ ಅನ್ನುವುದು ಇಲ್ಲಿಯೇ ಅರ್ಥವಾಗುತ್ತದೆ. ಅಂಗಳದ ಈ ಅಳತೆಯಲ್ಲಿ ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಿಜವಾಗಿ ಅರ್ಧ ಸೆಂಟಿಮೀಟರ್ ಇರಬೇಕು. ಅದನ್ನೂ ಬೆರಳಲ್ಲಿ ತೋರಿಸಿ. ಭೂಮಿ ಎಷ್ಟು ವಿಸ್ತಾರ, ಬೆಟ್ಟ ಎಷ್ಟು ಚಿಕ್ಕದು ಅಂತ ದೊಡ್ಡವರಿಗೂ ಅಚ್ಚರಿಯಾಗುತ್ತದೆ.

ಐದನೆಯ ಹೆಜ್ಜೆ: ನದಿಗಳನ್ನು ಕುಟುಂಬವಾಗಿ ಕೂಡಿಸಿ

ಮೊದಲ ಹೆಜ್ಜೆ ಸರಿಯಾಗಿ ಆಗಿದ್ದರೆ ಇದು ಬೇಗ ಮುಗಿಯುತ್ತದೆ. ಕೃಷ್ಣೆಯ ಬಳಗ: ಘಟಪ್ರಭಾ, ಮಲಪ್ರಭಾ, ಡೋಣಿ, ಭೀಮಾ, ತುಂಗಭದ್ರಾ. ಕಾವೇರಿಯ ಬಳಗ: ಹಾರಂಗಿ, ಹೇಮಾವತಿ, ಲಕ್ಷ್ಮಣತೀರ್ಥ, ಕಪಿಲಾ, ಶಿಂಷಾ, ಅರ್ಕಾವತಿ. ಪಶ್ಚಿಮಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ. ನಂದಿಬೆಟ್ಟದ ಸುತ್ತ ಹುಟ್ಟುವ ಪಾಲಾರ್, ಪೆನ್ನಾರ್‌ಗಳನ್ನು ಮರೆಯಬೇಡಿ. ಪಟ್ಟಿ ಒಪ್ಪಿಸುವ ಬದಲು, ಅಂಗಳದ ನಕ್ಷೆಯ ಮೇಲೆ ಒಂದೊಂದು ಮಗು ಒಂದೊಂದು ನದಿಯಾಗಿ ನಡೆಯಲಿ. ಕೂಡ್ಲಿಯಲ್ಲಿ ತುಂಗಾ, ಭದ್ರಾ ಕೈ ಹಿಡಿಯಲಿ. ಗಳಗನಾಥದಲ್ಲಿ ವರದಾ ಬಂದು ಸೇರಿಕೊಳ್ಳಲಿ.

ಆರನೆಯ ಹೆಜ್ಜೆ: ರೈಲಿನ ಕಿಟಕಿ

ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಇಲ್ಲಿಂದ ಹೊರಡುವ ಒಂದೊಂದು ಹಳಿಯೂ ಒಂದು ಪಾಠ. ಗದಗದ ಮೇಲೆ ವಿಜಯಪುರಕ್ಕೆ ಹೋದರೆ ಹೊಳೆಆಲೂರಿನಲ್ಲಿ ಮಲಪ್ರಭೆ, ಬಾಗಲಕೋಟೆಯ ಹತ್ತಿರ ಘಟಪ್ರಭೆ, ಆಲಮಟ್ಟಿಯ ಹತ್ತಿರ ಕೃಷ್ಣೆ ದಾಟುತ್ತೀರಿ. ಬೆಂಗಳೂರಿಗೆ ಹೋದರೆ ಕರಜಗಿಯ ಹತ್ತಿರ ವರದಾ, ಹರಿಹರದಲ್ಲಿ ತುಂಗಭದ್ರೆ. ಬಳ್ಳಾರಿಗೆ ಹೋದರೆ ಹೊಸಪೇಟೆಗೆ ಮುಂಚೆ ಮತ್ತೆ ತುಂಗಭದ್ರೆ. ರಜೆಗೆ ಊರಿಗೆ ಹೋಗುವ ಮಕ್ಕಳಿಗೆ ಒಂದೇ ಹೋಂವರ್ಕ್ ಕೊಡಿ: ಯಾವ ನಿಲ್ದಾಣದ ನಂತರ ಯಾವ ಹೊಳೆ ಬಂತು, ಹೊಲದ ಬಣ್ಣ ಎಲ್ಲಿ ಬದಲಾಯಿತು. ನಿಲ್ದಾಣದ ಹಳದಿ ಬೋರ್ಡಿನ ಮೇಲೆ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತಾರೆ. ಅದನ್ನೂ ಗುರುತು ಹಾಕಿಕೊಂಡು ಬರಲಿ. ಮೂರನೆಯ ಹೆಜ್ಜೆಯ ಗ್ರಾಫನ್ನು ಬೇರೆ ಹಳಿಗೆ ಮಾಡಲು ಅಂಕಿ ಸಿಕ್ಕಿತು.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಒಂದು ಪ್ರವಾಸ ಇಟ್ಟುಕೊಳ್ಳಿ. ಮಧ್ಯ ಏಷ್ಯಾ, ಮಂಗೋಲಿಯಾ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಬರ್ಫ ಬೀಳುವಾಗ ಇಲ್ಲಿ ಹೊಲದಲ್ಲಿ ಕಾಳು, ಕೆರೆಯಲ್ಲಿ ನೀರು. ಹಕ್ಕಿ ಬರಲು ಇನ್ನೇನು ಬೇಕು?

ಏಳನೆಯ ಹೆಜ್ಜೆ: ಈಗ ಜಿಲ್ಲೆಗಳು

ನದಿ, ಘಟ್ಟ, ಮಣ್ಣು ನಕ್ಷೆಯ ಮೇಲೆ ಕೂತ ನಂತರ ಜಿಲ್ಲೆಯ ಹೆಸರಿಗೆ ನಿಲ್ಲಲು ಜಾಗ ಇರುತ್ತದೆ. ನಾಲ್ಕು ಕಂದಾಯ ವಿಭಾಗಗಳ ಲೆಕ್ಕದಲ್ಲಿ ಹೇಳಿಕೊಡಿ. ನಮ್ಮ ಬೆಳಗಾವಿ ವಿಭಾಗದಲ್ಲಿ 7: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಕಲಬುರಗಿ ವಿಭಾಗದಲ್ಲಿ 7, ಮೈಸೂರು ವಿಭಾಗದಲ್ಲಿ 8, ಬೆಂಗಳೂರು ವಿಭಾಗದಲ್ಲಿ 9.

ಜಿಲ್ಲೆಗಳು ಒಡೆದ ಕಥೆಯೂ ನೆನಪಿಗೆ ಸಹಾಯ ಮಾಡುತ್ತದೆ. 1997ರಲ್ಲಿ ಏಳು ಹೊಸ ಜಿಲ್ಲೆ ಬಂದವು. ಅದರಲ್ಲಿ ಗದಗ, ಹಾವೇರಿ ನಮ್ಮ ಹಳೆಯ ಧಾರವಾಡ ಜಿಲ್ಲೆಯ ಮಕ್ಕಳು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ. 2009ರ ಕೊನೆಗೆ ಯಾದಗಿರಿ. 2021ರಲ್ಲಿ ವಿಜಯನಗರ. ಮನೆಯಲ್ಲಿ ಅಜ್ಜನ ಹಳೆಯ ಕಾಗದ ಪತ್ರ ಇದ್ದರೆ ನೋಡಲು ಹೇಳಿ. ರಾಣೇಬೆನ್ನೂರು, ಮುಂಡರಗಿಯ ವಿಳಾಸದ ಕೆಳಗೆ ಜಿಲ್ಲೆ ಧಾರವಾಡ ಅಂತಲೇ ಇರುತ್ತದೆ. ಇನ್ನೂ ಹಳೆಯ ಕಾಗದದಲ್ಲಿ ಮುಂಬಯಿ ಪ್ರಾಂತ ಅಂತಲೂ ಸಿಕ್ಕೀತು. 1956ರ ನವೆಂಬರ್ 1ರಂದು ಏಕೀಕರಣ, 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು. ಈ ಎರಡು ವರ್ಷಗಳನ್ನು ಆ ಕಾಗದದ ಪಕ್ಕ ಇಟ್ಟು ಹೇಳಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ

ನೀವೂ ಇದೇ ದಾರಿ ಹಿಡಿಯಿರಿ, ಸ್ವಲ್ಪ ವೇಗವಾಗಿ. ಚೌಕಟ್ಟಿನ ನಕ್ಷೆಯನ್ನು ನೋಡದೆ ಬರೆಯಲು ಬಂದ ಮೇಲೆ ಅಂಕಿಗಳನ್ನು ತುಂಬಿ. ಹಳೆಯ ಗೈಡು ಕೊಳ್ಳುವಾಗ ಮುದ್ರಣದ ವರ್ಷ ನೋಡಿ. ವಿಸ್ತೀರ್ಣ 1,91,791 ಚದರ ಕಿಲೋಮೀಟರ್, ಅದು ಹಾಗೇ ಇದೆ. ಆದರೆ ವಿಸ್ತೀರ್ಣದಲ್ಲಿ ಎಂಟನೆಯ ರಾಜ್ಯ ಅಂತ ಬರೆದಿದ್ದರೆ ಅದು 2014ಕ್ಕೆ ಮುಂಚಿನ ಪುಸ್ತಕ. ಆಂಧ್ರ ಒಡೆದ ಮೇಲೆ ಏಳನೆಯದಾಯಿತು, 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಮೇಲೆ ಆರನೆಯದು. ನೆರೆ ರಾಜ್ಯಗಳ ಪಟ್ಟಿಯಲ್ಲಿ ತೆಲಂಗಾಣ ಇಲ್ಲದಿದ್ದರೂ ಅದೇ ಕಥೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಾಗಿದೆ, ಅದನ್ನೂ ತಿದ್ದಿಕೊಳ್ಳಿ. ಇನ್ನೊಂದು, ಬ್ಯಾಡಗಿ ಮೆಣಸಿನಕಾಯಿ ಬ್ಯಾಡಗಿಯಲ್ಲಿ ಮಾತ್ರ ಬೆಳೆಯುತ್ತದೆ ಅಂತ ತಿಳಿಯಬೇಡಿ. ಕುಂದಗೋಳ, ಗದಗದ ಎರಿ ಹೊಲಗಳಲ್ಲೂ ಬೆಳೆಯುತ್ತಾರೆ. ಮಾರುಕಟ್ಟೆ ಬ್ಯಾಡಗಿಯದು. ಬೆಳೆಯುವ ಜಾಗ, ಮಾರುವ ಜಾಗ ಬೇರೆ ಬೇರೆ ಇರಬಹುದು ಅನ್ನುವುದು ಕೃಷಿ ಭೂಗೋಳದಲ್ಲಿ ಮತ್ತೆ ಮತ್ತೆ ಬರುತ್ತದೆ.

ಕಲಿತಿದ್ದಾರಾ ಅಂತ ತಿಳಿಯುವುದು ಹೇಗೆ

ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಕಡಿಮೆ ಮಾಡಿ. ಹೀಗೆ ಕೇಳಿ: ಕಲಘಟಗಿಯಲ್ಲಿ ಭತ್ತ, ನವಲಗುಂದದಲ್ಲಿ ಹತ್ತಿ, ಎರಡೂ ಒಂದೇ ಜಿಲ್ಲೆ, ಯಾಕೆ ಹೀಗೆ? ಧಾರವಾಡದಲ್ಲಿ ಒಂದು ಕಾಗದದ ದೋಣಿ ಶಾಲ್ಮಲೆಯಲ್ಲಿ ಬಿಟ್ಟರೆ, ಇನ್ನೊಂದು ಬೆಣ್ಣಿಹಳ್ಳದಲ್ಲಿ ಬಿಟ್ಟರೆ, ದಾರಿಯಲ್ಲಿ ಯಾವ ಯಾವ ಊರು ನೋಡುತ್ತವೆ? ರಾಣೇಬೆನ್ನೂರಿನಲ್ಲಿ ಕೃಷ್ಣಮೃಗ ಇದೆ, ದಾಂಡೇಲಿಯ ದಟ್ಟ ಕಾಡಿನಲ್ಲಿ ಅದು ಯಾಕೆ ಇಲ್ಲ? ಹುಬ್ಬಳ್ಳಿಯಿಂದ ಹಾವೇರಿಗೆ ನೇರ ಎಷ್ಟು ದೂರ ಅಂತ ಚೌಕಟ್ಟಿನ ನಕ್ಷೆ ಅಳೆದು ಹೇಳು.

ಉತ್ತರದಲ್ಲಿ ಒಂದು ಊರಿನ ಹೆಸರು ತಪ್ಪಿದ್ದರೂ ಕಾರಣ ಸರಿ ಇದ್ದರೆ ಅಂಕ ಕೊಡಿ, ಹೆಸರನ್ನು ಪಕ್ಕದಲ್ಲಿ ತಿದ್ದಿ ಬರೆಯಿರಿ. ದೋಣಿಯ ಪ್ರಶ್ನೆಯನ್ನು ಜೂನ್‌ನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಮತ್ತೊಮ್ಮೆ ಕೇಳಿ. ಎರಡೂ ಉತ್ತರಗಳನ್ನು ಒಂದೇ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕದ ಹಾಳೆಗೆ ಬರೆಸಿ. ಪಾಲಕರ ಸಭೆಗೆ ಬಂದ ತಂದೆ ತಾಯಿಗೆ ಆ ನೋಟ್‌ಬುಕ್ಕನ್ನೇ ತೋರಿಸಿ.